ಬಾಸ್ಟನ್ ಬಸ್ಸುಗಳ ಲೇಖನ ಕಳಿಸಿದವರಿಗೆ

ನಮಸ್ಕಾರ. ನಿಮ್ಮ ‘ಕಲ್ಲು ಬಿದ್ದ ಬಸ್ಸುಗಳು’ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಭಾಷೆಯ ಬಗ್ಗೆ ತಕರಾರಿಲ್ಲ, ತಕರಾರು ಬೇರೆ.

1974ರ ಸೆಪ್ಟೆಂಬರ್ 12ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ ಬಿಳಿಯರೇ ಹೆಚ್ಚಿದ್ದ ಬಡಾವಣೆಯಾದ ಸೌತ್ ಬಾಸ್ಟನ್‌ನಲ್ಲಿ ಕಪ್ಪು ಮಕ್ಕಳಿದ್ದ ಬಸ್ಸುಗಳ ಮೇಲೆ ಕಲ್ಲು ಬಿದ್ದದ್ದರಿಂದ ಶುರುಮಾಡಿದ್ದೀರಿ. ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗಳಿಗೂ ಬಿಳಿ ಮಕ್ಕಳನ್ನು ಕಪ್ಪು ಜನರ ಶಾಲೆಗಳಿಗೂ ಬಸ್ಸಿನಲ್ಲಿ ಕಳಿಸಲು ಯಾಕೆ ಆದೇಶಿಸಿದರು ಎಂಬುದಕ್ಕೆ ನಿಮ್ಮಲ್ಲಿರುವುದು ಒಂದೇ ಸಾಲು: ‘ಶಾಲೆಗಳಲ್ಲಿ ವರ್ಣಭೇದವಿತ್ತು.’ ಇತ್ತು ಅಂದರೆ? ಮಳೆಯ ಹಾಗೆ ತಾನಾಗಿ ಬಂತೇ?

ಆ ವರ್ಷದ ಜೂನ್ 21ರ ಅವರ ತೀರ್ಪು ಓದಿ. ನಗರದ ಶಾಲೆಗಳನ್ನು ನಡೆಸುತ್ತಿದ್ದ ಶಾಲಾ ಸಮಿತಿ ಭೇದವನ್ನು ಹೇಗೆ ಕಟ್ಟಿತೆಂಬ ವಿವರ ಅಲ್ಲಿದೆ. ಕಪ್ಪು ಮಕ್ಕಳು ಹೆಚ್ಚಿದ್ದ ಮಿಡಲ್ ಸ್ಕೂಲುಗಳು ಎಂಟನೇ ತರಗತಿಗೆ ಮುಗಿಯುತ್ತಿದ್ದವು, ಬಿಳಿ ಮಕ್ಕಳು ಹೆಚ್ಚಿದ್ದ ಜೂನಿಯರ್ ಹೈಗಳು ಒಂಬತ್ತಕ್ಕೆ. ಹೈಸ್ಕೂಲುಗಳಲ್ಲಿ ಕೆಲವು ಒಂಬತ್ತರಿಂದ ಸೇರಿಸಿಕೊಳ್ಳುತ್ತಿದ್ದವು, ಕೆಲವು ಹತ್ತರಿಂದ. ಒಂದು ತರಗತಿಯ ವ್ಯತ್ಯಾಸದಲ್ಲೇ ಒಂದೂರಿನ ಮಕ್ಕಳು ಎರಡು ದಾರಿ ಹಿಡಿಯುತ್ತಿದ್ದರು. ಗೇಟಿಗೆ ಬೋರ್ಡು ತೂಗುಹಾಕಬೇಕಿರಲಿಲ್ಲ, ಯಾರೂ ಬಾಯಿಬಿಟ್ಟು ಬೈಯಬೇಕಿರಲಿಲ್ಲ. ಇಂಥದ್ದನ್ನು ಬಿಟ್ಟು ಕಲ್ಲಿಗೆ ಮೂರು ಪುಟ ಕೊಟ್ಟಿದ್ದೀರಿ!

‘ಬಸ್ಸು ಬಂದದ್ದೇ ಕೋರ್ಟಿನಿಂದ’ ಎಂಬುದಂತೂ ತಪ್ಪು. 1965ರಲ್ಲೇ ಕಪ್ಪು ತಾಯ್ತಂದೆಯರು ತಾವೇ ದುಡ್ಡು ಕೂಡಿಸಿ, ಖಾಲಿ ಸೀಟಿದ್ದ ಶಾಲೆಗಳಿಗೆ ಮಕ್ಕಳನ್ನು ಬಸ್ಸಿನಲ್ಲಿ ಕಳಿಸಿದ್ದರು. ಆಪರೇಷನ್ ಎಕ್ಸೋಡಸ್ ಅಂತ ಅದರ ಹೆಸರು. ಅದಕ್ಕೂ ಮೊದಲು, 1963ರಲ್ಲಿ, ಕಪ್ಪು ಹೋರಾಟಗಾರ್ತಿ ರೂತ್ ಬ್ಯಾಟ್ಸನ್ ಶಾಲಾ ಸಮಿತಿಯ ಮುಂದೆ ಹೋಗಿ ದೂರು ಹೇಳಿದ್ದರು. ನಿಮ್ಮ ಲೇಖನದಲ್ಲಿ ಬಸ್ಸು ವಿರೋಧಿಸಿದ ಲೂಯಿಸ್ ಡೇ ಹಿಕ್ಸ್ ಪುಟಪುಟಕ್ಕೂ ಬರುತ್ತಾರೆ, ಬ್ಯಾಟ್ಸನ್ ಸುಳಿವೇ ಇಲ್ಲ. ಅಡ್ಡ ನಿಂತವರಿಗೆ ಹೆಸರುಂಟು, ಒಳಗೆ ಕೂತವರು ಬರೀ ‘ಮಕ್ಕಳು’.

ಇನ್ನೊಂದು. ನೀವು ಬಾಸ್ಟನ್ ಹೊರವಲಯದಲ್ಲಿ ಮನೆ ಕೊಂಡದ್ದು ಶಾಲೆ ನೋಡಿ ಎಂದು ಲೇಖನದ ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ. ಅದು ಲೇಖನದೊಳಗೆ ಬರಬೇಕು. ಗ್ಯಾರಿಟಿ ತೀರ್ಪಾಗಿ ಇನ್ನೂ ಐದು ವಾರವಾಗಿರಲಿಲ್ಲ, ಡೆಟ್ರಾಯಿಟ್‌ನ ಮಿಲಿಕೆನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಹೇಳಿತು: ತಪ್ಪು ಸಾಬೀತಾಗದ ಹೊರವಲಯಗಳನ್ನು ಭೇದ ಅಳಿಸುವ ನಗರದ ಯೋಜನೆಯೊಳಕ್ಕೆ ಎಳೆಯುವಂತಿಲ್ಲ. ಹೀಗಾಗಿ ರಾಕ್ಸ್‌ಬರಿಯ ಬಡ ಕಪ್ಪು ಮಕ್ಕಳು, ಸೌತ್ ಬಾಸ್ಟನ್‌ನ ಬಡ ಬಿಳಿ ಮಕ್ಕಳು ಬಸ್ಸು ಹತ್ತಿದರು. ಉಳ್ಳವರ ಊರುಗಳು ಕೋರ್ಟಿನ ಆದೇಶದಿಂದ ಹೊರಗುಳಿದವು. ನೀವು ಮನೆ ಕೊಂಡದ್ದೂ ಆ ಗೆರೆಯ ಆಚೆಗೇ.

ತಿದ್ದಿ ಕಳಿಸುವುದಾದರೆ ಯುಗಾದಿಯೊಳಗೆ ಕಳಿಸಿ. ‘ಭಾರತಕ್ಕೆ ಪಾಠ’ ಎಂಬ ಕೊನೆಯ ಪ್ಯಾರಾ ತೆಗೆದುಹಾಕಿ.