ಸ್ಪ್ಯಾನಿಷ್ ಬಾರದ ನಾನು ಲ್ಯಾಟಿನಾ ಹೆಂಗಸರಿಗೆ ಹೃದಯದ ಆರೋಗ್ಯದ ಬಗ್ಗೆ ಹೇಗೆ ತಿಳಿಸಲಿ?

ನೀವು ಬರೆದದ್ದು ಇಷ್ಟು: ಊರಲ್ಲಿ ಡಯಟೀಷಿಯನ್ ಆಗಿದ್ದಿರಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ವರ್ಷವಾಯಿತು, ಈಗ ಒಂದು ಸಮುದಾಯ ಕ್ಲಿನಿಕ್ಕಿನಲ್ಲಿ ಸ್ವಯಂಸೇವಕಿ. ಫೆಬ್ರುವರಿಯಲ್ಲಿ ಲ್ಯಾಟಿನಾ (ಲ್ಯಾಟಿನ್ ಅಮೆರಿಕ ಮೂಲದ) ಹೆಂಗಸರಿಗೆ ಹೃದಯದ ಬಗ್ಗೆ ಕಾರ್ಯಕ್ರಮ ಮಾಡಿ ಅಂದಿದ್ದಾರೆ. ಸ್ಲೈಡ್ ಎಷ್ಟಿರಬೇಕು ಅಂತ ಕೇಳಿದ್ದೀರಿ.

ಒಂದೂ ಬೇಡ. ಇದೇ ಊರಿನ ಪೂರ್ವ ಭಾಗದಲ್ಲಿ ಆರು ವರ್ಷ ಈ ಕೆಲಸ ಮಾಡಿದವಳು ಹೇಳ್ತಿದ್ದೀನಿ. ಮೊದಲ ವರ್ಷ ನಾನೂ ನಲವತ್ತು ಸ್ಲೈಡ್ ಮಾಡಿದ್ದೆ. ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ, ಕೆಂಪು ಬಲೂನು, ಮೂವತ್ತು ಕುರ್ಚಿ. ಬಂದವರು ಮೂವರು, ಅದರಲ್ಲಿ ಒಬ್ಬಾಕೆ ಆ ಕಟ್ಟಡವನ್ನೇ ಗುಡಿಸುವವರು. ಆ ಹೊತ್ತಿನಲ್ಲಿ ಉಳಿದವರೆಲ್ಲ ಯಾರದೋ ಅಡುಗೆಮನೆ ಒರೆಸುತ್ತಿದ್ದರು, ಯಾರದೋ ಮಗು ನೋಡಿಕೊಳ್ಳುತ್ತಿದ್ದರು. ಯಾರದೋ ಏನು, ಪಕ್ಕದ ಕ್ಯೂಪರ್ಟಿನೊ, ಸನಿವೇಲ್ ಕಡೆಯ ನಮ್ಮಂಥ ಭಾರತೀಯರದೇ. ಅದು ನನಗೆ ಹೊಳೆಯದೇ ಹೋದದ್ದಕ್ಕೆ ಇವತ್ತಿಗೂ ನಾಚಿಕೆ.

ಮುಂದಿನ ವರ್ಷ ಎಲ್ಲವನ್ನೂ ಬದಲಾಯಿಸಿದ್ದು ಒಬ್ಬ ಪ್ರೊಮೊತೋರಾ. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆಸಿಕೊಳ್ಳಿ. ಹೆಚ್ಚುಕಡಿಮೆ ಹಾಗೇ, ಅದೇ ಬೀದಿಯ, ಅದೇ ಭಾಷೆಯ ಹೆಂಗಸು. ಇದು ಹೊಸದೇನಲ್ಲ. ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆ 1994ರಲ್ಲೇ 'ಸಲೂದ್ ಪಾರಾ ಸು ಕೊರಾಸೋನ್' (ನಿಮ್ಮ ಹೃದಯಕ್ಕೆ ಆರೋಗ್ಯ) ಅಂತ ಲ್ಯಾಟಿನೊ ಜನರಿಗಾಗಿಯೇ ಕಾರ್ಯಕ್ರಮ ಶುರು ಮಾಡಿತ್ತು. ಪ್ರೊಮೊತೋರಾಗಳು ಪಾಠ ಮಾಡಲೆಂದು ಅವರು ತಂದ ಕೈಪಿಡಿ ಸ್ಪ್ಯಾನಿಷ್‌ನಲ್ಲೂ ಇದೆ, ಅದನ್ನು ಹುಡುಕಿ ಇಟ್ಟುಕೊಳ್ಳಿ. ನಮ್ಮಾಕೆ ಮಾಡಿದ ಮೊದಲ ಕೆಲಸ, ಕಾರ್ಯಕ್ರಮವನ್ನು ಭಾನುವಾರದ ಸ್ಪ್ಯಾನಿಷ್ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಹಾಲ್‌ಗೆ ತಂದದ್ದು. ಎರಡನೆಯದು, ಮಕ್ಕಳಿಗೆ ಒಂದು ಮೂಲೆಯಲ್ಲಿ ಬಣ್ಣದ ಪೆನ್ಸಿಲ್ ಹಾಕಿದ್ದು. ಕುರ್ಚಿ ಸಾಲಲಿಲ್ಲ.

ಅಲ್ಲಿ ಪದೇಪದೇ ಕೇಳಿದ ಮಾತು 'ಸೆ ಮೆ ಸುಬಿಯೊ ಲಾ ಪ್ರೆಸಿಯೋನ್'. ಮಗ ಎದುರು ಮಾತಾಡಿದ, ಬಿಪಿ ಏರಿಹೋಯಿತು ಅಂತ. ನಾವೂ 'ನನ್ನ ಬಿಪಿ ಏರಿಸ್ಬೇಡ' ಅನ್ನಲ್ವಾ? ಕಷ್ಟ ಏನೆಂದರೆ, ಬಿಪಿ ಎಂದರೆ ಸಿಟ್ಟಿನ ಜೊತೆ ಬಂದು ಸಿಟ್ಟಿನ ಜೊತೆ ಹೋಗುವ ವಸ್ತು ಅಂತ ನಂಬಿದವರು ಸಿಟ್ಟು ಬಂದ ದಿನ ಮಾತ್ರ ಮಾತ್ರೆ ನುಂಗುತ್ತಾರೆ. ಇದನ್ನು ಮುರಿಯಲು ಆಕೆ ಒಂದು ಉಪಾಯ ಮಾಡಿದರು. ನಗುನಗುತ್ತಾ ನಿಂತಿದ್ದ ನನ್ನನ್ನೇ ಕೂರಿಸಿ ಎಲ್ಲರೆದುರು ಅಳೆದರು. 142/90, ಜಾಸ್ತಿಯೇ. 'ನೋಡಿ, ಈ ಸೆನ್ಯೋರಾ ಸಿಟ್ಟಾಗಿದ್ದಾರಾ?' ನನಗೂ ಒಂದು ಚೀಟಿ ಬರೆದು ಕೈಗಿಟ್ಟರು. (ಚೀಟಿಯ ಪ್ರಕಾರ ಡಾಕ್ಟರ ಹತ್ತಿರ ಹೋದೆ. ಉಪ್ಪಿನಕಾಯಿ ಬಿಟ್ಟಿದ್ದೀನಿ, ಬಹುಮಟ್ಟಿಗೆ.)

ಮಾತ್ರೆಯ ವಿಷಯ ಬಂತಲ್ಲ, ಡಬ್ಬಿಗಳನ್ನು ತರಲು ಹೇಳಿ, ಲೇಬಲ್ ಓದಿ. ಇಂಗ್ಲಿಷಿನಲ್ಲಿ ದಿನಕ್ಕೆ 'ಒನ್ಸ್' (once, ಒಂದು ಸಲ) ಅಂತ ಬರೆದಿರುತ್ತಾರೆ. ಅದೇ ನಾಲ್ಕು ಅಕ್ಷರಗಳನ್ನು ಸ್ಪ್ಯಾನಿಷ್ ಬಲ್ಲವರು 'ಓನ್ಸೆ' ಎಂದು ಓದುತ್ತಾರೆ, ಅಂದರೆ ಹನ್ನೊಂದು. ಬಿಪಿ ಮಾತ್ರೆ ಹನ್ನೊಂದು ನುಂಗಿದರೆ ಏನಾಗಬಹುದು, ನಿಮಗೆ ಗೊತ್ತೇ ಇದೆ. ಔಷಧದಂಗಡಿಯಲ್ಲಿ ಸ್ಪ್ಯಾನಿಷ್ ಲೇಬಲ್ ಕೇಳಿ ಪಡೆಯಿರಿ ಅಂತ ಹೇಳಿಕೊಡುವುದೇ ಒಂದು ಪೂರ್ತಿ ಕಾರ್ಯಕ್ರಮಕ್ಕೆ ಸಮ. ಮನೆಯ ಹತ್ತು ವರ್ಷದ ಹುಡುಗನನ್ನು ದುಭಾಷಿ ಮಾಡಬೇಡಿ. ಅಮ್ಮನ ಎದೆನೋವನ್ನು ಅವನ ಬಾಯಲ್ಲಿ ಹೇಳಿಸುವುದು ಕ್ರೌರ್ಯ.

ಊಟ ನಿಮ್ಮ ಕ್ಷೇತ್ರ, ಹಾಗಾಗಿ ಎಚ್ಚರಿಕೆ ಜಾಸ್ತಿ. ಕೇಲ್ ಸೊಪ್ಪು, ಕಿನ್ವಾ ಅಂತ ಚೀಟಿ ಹಂಚುವುದು ಹಾಸನದ ಅಜ್ಜಿಗೆ ಮುದ್ದೆ ಬಿಟ್ಟು ಓಟ್ಸ್ ತಿನ್ನಿ ಅಂದ ಹಾಗೆ. ಅವರ ಬೇಯಿಸಿದ ಹುರುಳಿ (ಫ್ರಿಹೋಲೆಸ್, ನಮ್ಮ ಹುರುಳಿಯಲ್ಲ, ರಾಜ್ಮಾದ ಬಳಗ), ಮೆಕ್ಕೆಜೋಳದ ರೊಟ್ಟಿ ತೊರ್ತಿಯಾ, ಕಳ್ಳಿಯ ಎಳೆ ಪಟ್ಟೆ ನೊಪಾಲ್, ಎಲ್ಲ ಒಳ್ಳೆಯವೇ. ತೊಂದರೆ ಇರುವುದು ಹುರುಳಿಯನ್ನು ಹುರಿಯುವ ಮಾಂತೆಕಾದಲ್ಲಿ, ಅಂದರೆ ಹಂದಿಕೊಬ್ಬಿನಲ್ಲಿ. ಸಾರಿಗೆ ಹಾಕುವ ಉಪ್ಪಿನ ಕ್ಯೂಬಿನಲ್ಲಿ, ಊಟದ ಜೊತೆಯ ಸೋಡಾದಲ್ಲಿ. ಅವರ ಒಲೆಯ ಮುಂದೆಯೇ ಎಣ್ಣೆ ಬದಲಿಸಿ ತೋರಿಸಿ, ರುಚಿ ನೋಡಿ ಅವರೇ ತೀರ್ಮಾನಿಸಲಿ.

ಮತ್ತೆ, 'ಲ್ಯಾಟಿನಾ' ಅಂದರೆ ಒಂದೇ ಜನ ಅಲ್ಲ. ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯಾಗೊದಲ್ಲಿ 16,415 ಜನರನ್ನು ಸೇರಿಸಿಕೊಂಡ ದೊಡ್ಡ ಅಧ್ಯಯನದಲ್ಲಿ ಮೂಲದ ನಾಡಿಗೆ ತಕ್ಕಂತೆ ಅಪಾಯವೂ ಬೇರೆಬೇರೆ ಕಂಡಿತು. ಪೋರ್ಟೊ ರಿಕೊ ಮೂಲದವರಲ್ಲಿ ಅಪಾಯದ ಹೊರೆ ಹೆಚ್ಚಿತ್ತು. ನಮ್ಮಲ್ಲಿ ಬರುವವರು ಬಹುಪಾಲು ಮೆಕ್ಸಿಕೊದವರು, ಆದರೂ ಯಾವ ಊರು ಅಂತ ಕೇಳಿ. ಮಾತು ಶುರುವಾಗುವುದೂ ಅಲ್ಲಿಂದಲೇ.

ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ, ಬಿಪಿ ಬಂದಿತ್ತಾ ಅಂತ ತಪ್ಪದೆ ಕೇಳಿ. ಹೆರಿಗೆಯೊಂದಿಗೆ ಅದು ಮುಗಿಯಿತು ಅಂದುಕೊಂಡಿರುತ್ತಾರೆ. ಮುಂದೆ ಹೃದಯಕ್ಕೆ ಅದೇ ಮುನ್ಸೂಚನೆ. ಎದೆನೋವು ಮಾತ್ರವಲ್ಲ, ಉಸಿರು ಕಟ್ಟುವುದು, ದವಡೆ ಅಥವಾ ಬೆನ್ನು ನೋವು, ವಾಕರಿಕೆ, ಕಾರಣವಿಲ್ಲದ ಸುಸ್ತು ಕೂಡ ಹೃದಯಾಘಾತ ಆಗಿರಬಹುದು, ತಕ್ಷಣ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಲಿ. ದುಡ್ಡಿಲ್ಲ, ವಲಸೆಯ ಕಾಗದಪತ್ರ ಇಲ್ಲ ಅಂತ ಹೆದರುವವರಿಗೆ 1986ರ ಕಾನೂನನ್ನು ಹೇಳಿ: ಆಸ್ಪತ್ರೆಯ ತುರ್ತು ವಿಭಾಗ ಮೊದಲು ನೋಡಲೇಬೇಕು, ಸ್ಥಿತಿ ಹದಕ್ಕೆ ತರಲೇಬೇಕು.

ಬಿಪಿ ಯಂತ್ರಕ್ಕೆ ದೊಡ್ಡ ಪಟ್ಟಿಯೂ ಇರಲಿ. ದಪ್ಪ ತೋಳಿಗೆ ಸಣ್ಣದು ಸುತ್ತಿದರೆ ಸುಳ್ಳೇ ಹೆಚ್ಚು ತೋರಿಸುತ್ತದೆ. ಅಳೆಯುವ ಮುಂಚೆ ಕ್ಲಿನಿಕ್ಕಿನಿಂದ ಆ ವಾರದ ಅಪಾಯಿಂಟ್‌ಮೆಂಟ್‌ಗಳನ್ನು ಕಾದಿರಿಸಿ. ಅಳೆದು 'ಜಾಸ್ತಿ ಇದೆ, ಹುಷಾರು' ಅಂತ ಮನೆಗೆ ಕಳಿಸುವುದಾದರೆ ಅಳೆಯಲೇಬೇಡಿ.

ಕೊನೆಗೆ ದುಡ್ಡು. ನಮ್ಮಲ್ಲಿ ಒಂದು ವರ್ಷ ಅನುದಾನ ಟೀ ಶರ್ಟಿಗೂ ಬ್ಯಾನರಿಗೂ ಹೋಯಿತು, ಪ್ರೊಮೊತೋರಾಗೆ ಸಿಕ್ಕಿದ್ದು ಒಂದು ಗಿಫ್ಟ್ ಕಾರ್ಡು. ಆಕೆ ಜಗಳವಾಡಲಿಲ್ಲ, ಮುಂದಿನ ಭಾನುವಾರ ಬರಲಿಲ್ಲ ಅಷ್ಟೇ. ಆಕೆಯ ಹಿಂದೆ ಹಾಲ್‌ನ ಅರ್ಧ ಜನವೂ ಬರಲಿಲ್ಲ. ಹಾಗಾಗಿ ಸ್ಲೈಡ್ ಮುಚ್ಚಿಟ್ಟು, ಗಂಟೆಗೆ ಎಷ್ಟು ಕೊಡ್ತೀರಿ ಅಂತ ಈ ವಾರವೇ ನಿಮ್ಮ ಕ್ಲಿನಿಕ್ಕಿನವರನ್ನು ಕೇಳಿ.