ಬ್ಯಾಣಕ್ಕೆ ಮೇಯಲು ಹೋಗುವ ಹಸುವಿಗೆ ದಿನ ಗೊತ್ತು ಮಾಡಿ ಎ.ಐ. (ಕೃತಕ ಗರ್ಭಧಾರಣೆ) ಮಾಡಿಸಬಹುದಾ?

ಹಸುಗಳು ಬೆಳಿಗ್ಗೆ ಬ್ಯಾಣದ ಹುಲ್ಲುಗಾವಲಿಗೆ ಹೋದರೆ ಕೊಟ್ಟಿಗೆಗೆ ಬರುವುದು ಸಂಜೆಯೇ, ಬೆದೆ ಗೊತ್ತೇ ಆಗುವುದಿಲ್ಲ, ಇಂಜೆಕ್ಷನ್ ಕೊಟ್ಟು ಎ.ಐ. ಮಾಡಿಸಬಹುದಾ ಅಂತ ಕೇಳಿದ್ದೀರಿ. ಮಾಡಿಸಬಹುದು. ನಾನು ಹೊಸನಗರ ಕಡೆ ಪಶುವೈದ್ಯ. ಇಲ್ಲಿ ಬಹಳ ಮನೆಗಳ ಕಷ್ಟ ಇದೇ.

ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ. ನಾಟಿ ಹಸುಗಳಲ್ಲಿ ಅದು ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿ ಬಂದು ಹೋಗಿರುತ್ತದೆ. ಅಮೆರಿಕದಲ್ಲಿ ಮಾಂಸಕ್ಕೆ ಸಾಕುವ ದನಗಳೂ ದೊಡ್ಡ ಹುಲ್ಲುಗಾವಲುಗಳಲ್ಲಿ ಮೇಯುತ್ತವೆ, ಅಲ್ಲೂ ಬೆದೆ ಕಾಯುತ್ತ ಕೂರಲು ಆಗುವುದಿಲ್ಲ. ಅಂಥ ಹಸುಗಳಿಗೆ ಅಲ್ಲಿ ಬಳಸುವ ಕ್ರಮ ನಮಗೂ ಹೊಂದುತ್ತದೆ.

ಸೋಮವಾರ ಸಂಜೆ 6ಕ್ಕೆ ಶುರು ಮಾಡಿದೆವು ಅಂದುಕೊಳ್ಳಿ. ಅವತ್ತು ಜಿಎನ್‌ಆರ್‌ಎಚ್ (ಅಂಡ ಬಿಡಿಸುವ ಹಾರ್ಮೋನ್) ಇಂಜೆಕ್ಷನ್ ಕೊಟ್ಟು, ಯೋನಿಯೊಳಗೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಬಿಡುವ ಸಾಧನ ಇಡುತ್ತೇವೆ. ಇದರಿಂದ ಅಂಡಾಶಯದಲ್ಲಿ ಅಂಡ ಇರುವ ಹೊಸ ಕೋಶ ಬೆಳೆಯಲು ಶುರುವಾಗುತ್ತದೆ, ಆದರೆ ಬೆದೆ ತಡೆದು ನಿಲ್ಲುತ್ತದೆ. ಮುಂದಿನ ಸೋಮವಾರ ಸಂಜೆ 6ಕ್ಕೆ ಸಾಧನ ತೆಗೆದು ಪ್ರೋಸ್ಟಾಗ್ಲಾಂಡಿನ್ (ಬೆದೆ ತರಿಸುವ ಔಷಧಿ) ಇಂಜೆಕ್ಷನ್ ಕೊಡುತ್ತೇವೆ. ಆ ತಡೆ ಹೋಗುತ್ತದೆ. ಅಲ್ಲಿಂದ 60ರಿಂದ 66 ಗಂಟೆಗೆ, ಅಂದರೆ ಗುರುವಾರ ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರ ಒಳಗೆ ಎ.ಐ., ಜೊತೆಗೆ ಇನ್ನೊಂದು ಜಿಎನ್‌ಆರ್‌ಎಚ್. ಬೆದೆ ಕಾಣದಿದ್ದರೂ ಮಾಡಿಸಿ. ಅವತ್ತು ಹಸುವನ್ನು ಮೇಯಲು ಬಿಡಬೇಡಿ, ಗಂಟೆ ತಪ್ಪಿದರೆ ಎಲ್ಲ ಕೆಟ್ಟಂತೆ.

ಸಾಧನ ಇಡದೆ ಬರೀ ಇಂಜೆಕ್ಷನ್‌ನಲ್ಲೇ ಮಾಡುವ ಓವ್‌ಸಿಂಕ್ ಎಂಬ ಕ್ರಮ 1995ರಿಂದ ಇದೆ, ಖರ್ಚೂ ಕಡಿಮೆ. ಆದರೆ ಬೆದೆಗೇ ಬಾರದೆ ನಿಂತ ಹಸುವಿಗೆ ಸಾಧನ ಇಟ್ಟರೇ ವಾಸಿ.

ನಾನು ತುಂಬಾ ಒತ್ತಿ ಹೇಳುವುದು ಇದಕ್ಕಿಂತ ಮೊದಲಿನ ಕೆಲಸ. ಕರು ಹಾಕಿ 60 ದಿನವಾದರೂ ಆಗಿರಬೇಕು. ಪಕ್ಕೆಲುಬು ಎಣಿಸುವ ಹಾಗಿರುವ ಹಸುವಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಗದ್ದೆ ಬಯಲಲ್ಲಿ, ಹಳ್ಳದ ಬದಿ ಮೇಯುವ ದನಕ್ಕೆ ನಮ್ಮಲ್ಲಿ ಲಿವರ್ ಫ್ಲೂಕ್ ಎಂಬ ಪಿತ್ತಜನಕಾಂಗದ ಹುಳ ಜಾಸ್ತಿ. ಸಗಣಿ ಪರೀಕ್ಷೆ ಮಾಡಿಸಿ, ಹುಳದ ಔಷಧಿ ಕೊಟ್ಟು, ಎರಡು ತಿಂಗಳು ಖನಿಜ ಮಿಶ್ರಣ, ಒಂದಿಷ್ಟು ಹಿಂಡಿ ಹಾಕಿ. ಎಷ್ಟೋ ಹಸು ಇಷ್ಟಕ್ಕೇ ಬೆದೆಗೆ ಬರುತ್ತವೆ. ಮೈ ತುಂಬಿದ ಹಸುಗಳಲ್ಲೂ ಒಂದೇ ಸಲಕ್ಕೆ ಅರ್ಧದಷ್ಟು ಗಬ್ಬ ನಿಂತರೆ ಅದು ಒಳ್ಳೆಯ ಫಲವೇ. ಉಳಿದವು 18ರಿಂದ 24 ದಿನದಲ್ಲಿ ಮತ್ತೆ ಬೆದೆಗೆ ಬರಬಹುದು, ಆ ದಿನಗಳಲ್ಲಿ ಕಟ್ಟಿ ಹಾಕಿ ನೋಡಿ.

ಗಬ್ಬ ಇಲ್ಲ ಅಂತ ಕೈ ಹಾಕಿ ಪರೀಕ್ಷೆ ಮಾಡದೆ ಪ್ರೋಸ್ಟಾಗ್ಲಾಂಡಿನ್ ಕೊಡಿಸಲೇಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೋರಿ ಹತ್ತಿರವೇ ಬಂದಿಲ್ಲ ಎಂಬ ಮನೆಯವರ ಮಾತು ನಂಬಿ ಕೊಟ್ಟುಬಿಟ್ಟೆ. ಮೂರು ತಿಂಗಳ ಗಬ್ಬ ಕಳಚಿತು. ಆ ಮನೆಯ ಅಜ್ಜಿ ಹಸುವಿನ ಮೈ ಸವರುತ್ತಾ ನಿಂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಈ ಔಷಧಿ ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಬಸುರಿಯರು, ಉಬ್ಬಸ ಇರುವವರು ಅದನ್ನು ಮುಟ್ಟಲೇಬಾರದು.

ನಿಮ್ಮದು ಸಣ್ಣ ಮೈಯ ಮಲೆನಾಡು ಗಿಡ್ಡ ತಳಿಯಾದರೆ ಎಚ್‌ಎಫ್ (ದೊಡ್ಡ ಮೈಯ ವಿದೇಶಿ ತಳಿ) ಸೆಮೆನ್ ಹಾಕಿಸಬೇಡಿ. ಕರು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ. ಗಿಡ್ಡದ್ದೇ ಸೆಮೆನ್ ಸ್ಟ್ರಾ (ವೀರ್ಯದ ಕಡ್ಡಿ) ಕೇಳಿ. ಅದು ಕೈಗೆ ಸಿಗುವುದು ಖಾತ್ರಿಯಾದ ಮೇಲೆಯೇ ಆ ಮೊದಲ ಸೋಮವಾರವನ್ನು ಗೊತ್ತು ಮಾಡಿ.