ಕಂತಿಗೆ ಎರಡು ರೂಪಾಯಿ

ಪ್ರಶ್ನೆ: ಸರ್, ವಾರಕ್ಕೊಂದು ಕಾಮಿಕ್ಸ್ ಬರೆದು ವೆಬ್‌ನಲ್ಲಿ ಹಾಕುತ್ತೇನೆ. ಕಂತಿಗೆ ಎರಡು ರೂಪಾಯಿ ಕೇಳಬೇಕು ಅಂತಿದೆ. ಬ್ಲಾಕ್‌ಚೈನ್ ಬಳಸಲೇ?
– ಓದುಗರೊಬ್ಬರು, ಶಿರಸಿ

ಉತ್ತರ: ಈ ಆಸೆ ನನಗೂ ಹಳೆಯದು. ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 2003ರಲ್ಲಿ ಇದನ್ನೇ ಮಾಡಿದರು. ಬಿಟ್‌ಪಾಸ್ ಎಂಬ ಸೇವೆಯಲ್ಲಿ ಕಂತಿಗೆ 25 ಸೆಂಟ್. 2007ರಲ್ಲಿ ಬಿಟ್‌ಪಾಸೇ ಮುಚ್ಚಿತು. ದುಡ್ಡು ಸಣ್ಣದಾದರೂ ‘ಕೊಡಲೋ ಬೇಡವೋ’ ಎಂದು ಓದುಗ ಪ್ರತಿ ಸಲ ಯೋಚಿಸಬೇಕು, ಅಲ್ವಾ? ನನ್ನ ಪ್ರಕಾರ ಕಷ್ಟ ಇರುವುದು ಅಲ್ಲೇ.

ಇನ್ನು ಬ್ಲಾಕ್‌ಚೈನ್ ಅಂದರೆ ಹಲವು ಕಂಪ್ಯೂಟರ್‌ಗಳು ಹಂಚಿಕೊಂಡು ಇಡುವ ಲೆಕ್ಕದ ಪುಸ್ತಕ, ಅದರ ಒಂದೊಂದು ಪುಟವೇ ಬ್ಲಾಕ್. ಅದರ ಮೇಲೆ ನಡೆಯುವ ಡಿಜಿಟಲ್ ಹಣ ಬಿಟ್‌ಕಾಯಿನ್‌ನಲ್ಲಿ ಶುಲ್ಕ ಮೊತ್ತ ನೋಡಿ ಬೀಳುವುದಿಲ್ಲ, ಬ್ಲಾಕಿನಲ್ಲಿ ಹಿಡಿಯುವ ಜಾಗ ನೋಡಿ ಬೀಳುತ್ತದೆ. ಎರಡು ರೂಪಾಯಿಗಿಂತ ಶುಲ್ಕವೇ ಜಾಸ್ತಿಯಾಗಬಹುದು. ಬಿಟ್‌ಕಾಯಿನ್ ಮೇಲೆ ಕಟ್ಟಿದ ಲೈಟ್ನಿಂಗ್ ಜಾಲ ಇದಕ್ಕೆಂದೇ ಬಂದದ್ದು. ಸಣ್ಣ ಪಾವತಿಗಳ ಲೆಕ್ಕವನ್ನು ಹೊರಗೇ ಇಟ್ಟು, ಕೊನೆಗೊಮ್ಮೆ ಬ್ಲಾಕ್‌ಚೈನ್‌ನಲ್ಲಿ ದಾಖಲಿಸುತ್ತದೆ. ವಿದೇಶದ ಓದುಗರಿದ್ದರೆ ನೋಡಿ. ಆದರೆ ನಮ್ಮಲ್ಲಿ ಕ್ರಿಪ್ಟೊ (ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ) ಲಾಭಕ್ಕೆ 2022ರಿಂದ ಶೇ 30 ತೆರಿಗೆ ಇದೆ.

ಊರಿನ ಓದುಗರಿಗೆ ಯುಪಿಐ ಸಾಕು. ನಾನು ಕೊನೆಯ ಚೌಕದ ಕೆಳಗೆ ಕ್ಯೂಆರ್ ಹಾಕಿದ್ದೇನೆ. ಓದುವುದು ಉಚಿತ, ಇಷ್ಟವಾದರೆ ಕೊಡಿ. ಹೋದ ತಿಂಗಳು ಒಬ್ಬರು ಐದು ರೂಪಾಯಿ ಕಳಿಸಿ ಜೊತೆಗೆ ಬರೆದಿದ್ದರು: ‘ಮೊಮ್ಮಗಳಿಗೆ ಓದಿ ಹೇಳಿದೆ.’